ಸೋಯಾ ಹಾಳೆಗೆ ವಿನೆಗರ್ ಹಾಕಬೇಡಿ ಮಾರಾಯ್ರೇ

ಬದಿಯಡ್ಕದ ಅಣ್ಣ, ಪ್ಲಾಸ್ಟಿಕ್ ಬದಲಿಗೆ ಸೋಯಾ ಪ್ರೋಟೀನಿನ ತೆಳು ಹಾಳೆ ಮಾಡಲು ಹೋಗಿ, ಆ ಪ್ರೋಟೀನ್ ನೀರಿಗೆ 2 ಚಮಚ ವಿನೆಗರ್ ಹಾಕಿದೆ, ಹಾಳೆ ಆಗಲಿಲ್ಲ, ತಳದಲ್ಲಿ ಗಟ್ಟಿ ಕೂತಿತು ಅಂತ ಫೋಟೋ ಹಾಕಿದ್ದೀರಲ್ವಾ. ನಾನೂ ಇದನ್ನೇ ಮಾಡಿದ್ದೆ. ಮರಗೆಣಸಿನ ಹಿಟ್ಟಿನ ಹಾಳೆಯ ವಿಡಿಯೋ ತಲೆಯಲ್ಲಿತ್ತು. ಹಿಟ್ಟಿಗಾದರೆ ಹುಳಿ ಹಾಕಬಹುದು. ಸೋಯಾ ಪ್ರೋಟೀನ್ ಪಿಎಚ್ (ಹುಳಿ-ಕ್ಷಾರದ ಅಳತೆ, 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) 4.5ರ ಹತ್ತಿರ ಬಂತೋ, ಹಾಲಿನ ಹಾಗೆ ಒಡೆಯುತ್ತದೆ. ಪಾತ್ರೆ ಇಣುಕಿದ ಅಮ್ಮ, ಪನೀರಾ ಅಂತ ಕೇಳಿದ್ದರು!

ಹುಳಿ ಅಲ್ಲ, ಕ್ಷಾರ ಬೇಕು. ನನ್ನ ಅಳತೆ: 100 ಮಿಲಿ ನೀರು, 5 ಗ್ರಾಂ ಐಸೊಲೇಟ್ (ಸೋಯಾದಿಂದ ಬೇರ್ಪಡಿಸಿದ ಪ್ರೋಟೀನ್ ಪುಡಿ), 2 ಗ್ರಾಂ ಗ್ಲಿಸರಿನ್. ತೆಳು ಕಾಸ್ಟಿಕ್ ಸೋಡಾ ನೀರನ್ನು ಹನಿ ಹನಿ ಬಿಟ್ಟು ಪಿಎಚ್ 9–10ಕ್ಕೆ ತನ್ನಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಕಾಸ್ಟಿಕ್ ಅದನ್ನು ತಿನ್ನುತ್ತದೆ. ಆಮೇಲೆ ಬಿಸಿನೀರಿನ ಪಾತ್ರೆಯಲ್ಲಿಟ್ಟು 80–85 ಡಿಗ್ರಿಯಲ್ಲಿ ಅರ್ಧ ಗಂಟೆ. ಸುರುಟಿಕೊಂಡಿದ್ದ ಪ್ರೋಟೀನ್ ಬಿಚ್ಚಿಕೊಂಡು, ಒಣಗುವಾಗ ಒಂದಕ್ಕೊಂದು ಹಿಡಿದುಕೊಳ್ಳುವುದು ಈ ಬಿಸಿಯಿಂದಲೇ. ಪಂಚೆ ಬಟ್ಟೆಯಲ್ಲಿ ಸೋಸಿ, ನೊರೆ ಇಳಿದ ಮೇಲೆ ಸುರಿಯಿರಿ. ಗಾಜಿನ ಮೇಲೆ ಸುರಿದರೆ ಬ್ಲೇಡಿನಿಂದ ಕೆರೆಯುವ ಗತಿ. ನನಗೆ ಒಗ್ಗಿದ್ದು ಕೇಕಿನ ಸಿಲಿಕೋನ್ ತಟ್ಟೆ.

ಜಿಮ್‌ನವರ ಚಾಕೊಲೇಟ್ ಪುಡಿ ತರಬೇಡಿ, ಅದರಲ್ಲಿ ಸಕ್ಕರೆ, ಪರಿಮಳ ಎಲ್ಲ ಇರುತ್ತದೆ. ಏನೂ ಸೇರಿಸದ ಐಸೊಲೇಟ್ ಅಂತ ಕೇಳಿ ತನ್ನಿ, ಅದರಲ್ಲಿ ಸುಮಾರು 90% ಪ್ರೋಟೀನ್. ನ್ಯೂಟ್ರೆಲಾ ಆಗಲಿ, ಬೇರೆ ಮೀಲ್ ಮೇಕರ್ (ಸೋಯಾ ಉಂಡೆ) ಆಗಲಿ, ಪುಡಿ ಮಾಡಿದರೂ ಸರಿಯಾಗಿ ಕರಗುವುದಿಲ್ಲ, ತಯಾರಿಸುವಾಗಿನ ಬಿಸಿಗೇ ಅದರ ಪ್ರೋಟೀನ್ ಗಟ್ಟಿಯಾಗಿಬಿಟ್ಟಿರುತ್ತದೆ. ಗ್ಲಿಸರಿನ್ ಮೆಡಿಕಲ್‌ನದ್ದೇ ಸಾಕು, ರೋಸ್ ವಾಟರ್ ಬೆರೆಸಿದ್ದು ಬೇಡ.

ಗ್ಲಿಸರಿನ್ ಕಮ್ಮಿಯಾದರೆ ಹಾಳೆ ಹಪ್ಪಳದ ಹಾಗೆ ಮುರಿಯುತ್ತದೆ. ಜಾಸ್ತಿಯಾದರೆ ಗಾಳಿಯ ತೇವ ಎಳೆದು ಅಂಟಂಟು. ನಮ್ಮ ಕಾಸರಗೋಡಿನ ಆಟಿ ತಿಂಗಳ ಮಳೆಯಲ್ಲಂತೂ ಸುರಿಯಲೇಬೇಡಿ. ನನ್ನದು 4 ದಿನವಾದರೂ ಒಣಗದೆ ಬೂಷ್ಟು ಬಂದು ನಾರಿತು. ಮಳೆ ಬಿಟ್ಟ ಮೇಲೆ ನೆರಳಲ್ಲಿ ಒಂದೆರಡು ದಿನ ಸಾಕು.

ಅಡಿಕೆ ಸಸಿಯ ಪ್ಲಾಸ್ಟಿಕ್ ತೊಟ್ಟೆಯ (ಚೀಲದ) ಬದಲಿಗೆ ಇದು ಅಂದಿರಿ. ಬೇಡ, ನೀರು ಬಿದ್ದರೆ ಲೊಚಲೊಚ. ಒಣ ಬೀಜ, ಕಾಳುಮೆಣಸು ಕಟ್ಟಿಡಲು ನೋಡಿ. ತೇವ ತಡೆಯದಿದ್ದರೂ, ಹಾಳೆ ಒಣಗಿರುವಷ್ಟು ದಿನ ಗಾಳಿಯ ಆಮ್ಲಜನಕವನ್ನು ಚೆನ್ನಾಗಿ ತಡೆಯುತ್ತದೆ. ಊಟದ ತಟ್ಟೆಗೆ ಅಡಿಕೆ ಹಾಳೆಯ ತಟ್ಟೆ ಇದೆ, ಅದರ ತಂಟೆಗೆ ಹೋಗಬೇಡಿ. ಮೆಕ್ಕೆಜೋಳದ ಜೀನ್ (zein) ಎಂಬ ಪ್ರೋಟೀನಿನ ಹಾಳೆ ನೀರಿಗೆ ಕಮ್ಮಿ ಹೆದರುತ್ತದೆ, ಆದರೆ ಆ ಪ್ರೋಟೀನ್ ಕರಗಿಸಲು 70–80% ಆಲ್ಕೋಹಾಲ್ ಬೇಕು. ಅಡುಗೆಮನೆ ಒಲೆಯ ಹತ್ತಿರ ಆಲ್ಕೋಹಾಲ್ ತರಲೇಬೇಡಿ.

ಮುಂದಿನ ಸಲ ಫೋಟೋ ಹಾಕುವಾಗ ಅದ್ದಿ ತೆಗೆದ ಪಿಎಚ್ ಕಾಗದದ ಪಟ್ಟಿಯನ್ನೂ ಪಕ್ಕದಲ್ಲಿಡಿ, ಬಣ್ಣ ನೋಡಿ ಹೇಳ್ತೇನೆ.