ಸಂಪಾದಕರ ಉತ್ತರ: ಮಾಹಿತಿಗೂ ಬಿಸಿಗೂ ಏನು ಸಂಬಂಧ?

(ಕಳೆದ ಸಂಚಿಕೆಯ ‘ಮಾಹಿತಿಯೂ ಭೌತಿಕ’ ಎಂಬ ಲೇಖನವನ್ನು ಓದಿದ ಶಿರಸಿಯ ನಿವೃತ್ತ ಶಿಕ್ಷಕರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರ ಪ್ರಶ್ನೆಗಳ ಸಾರ ಇಷ್ಟು: ತೂಕ, ಬಣ್ಣ, ಆಕಾರ ಯಾವುದೂ ಇಲ್ಲದ ಮಾಹಿತಿ ಭೌತವಿಜ್ಞಾನದ ವಿಷಯವಾಗುವುದು ಹೇಗೆ? ಅರ್ಥವಿಲ್ಲದ ಅಕ್ಷರರಾಶಿಯಲ್ಲಿ ಕವಿತೆಗಿಂತ ಹೆಚ್ಚು ಮಾಹಿತಿ ಇದೆ ಎನ್ನುವುದು ಭಾಷೆಗೆ ಮಾಡಿದ ಅವಮಾನವಲ್ಲವೇ? ಅಳಿಸಿದರೆ ಬಿಸಿ ಹುಟ್ಟುತ್ತದೆ ಎನ್ನುತ್ತೀರಿ, ಹಾಗಾದರೆ ಕಾಗದವನ್ನು ಸುಟ್ಟಾಗ ಅದರಲ್ಲಿದ್ದ ಮಾಹಿತಿ ಎಲ್ಲಿಗೆ ಹೋಯಿತು? ಜಗತ್ತೆಲ್ಲ ಮಾಹಿತಿಯೇ ಎಂಬ ಮಾತು ನಮ್ಮ ಶಬ್ದಬ್ರಹ್ಮದ ಕಲ್ಪನೆಯೇ ತಾನೇ?)

ಮಾನ್ಯರೇ,

ತಮ್ಮ ಪತ್ರವನ್ನು ಮೂರು ಬಾರಿ ಓದಿದೆ. ಉತ್ತರಿಸುವ ಮೊದಲು ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಪೆನ್‌ಡ್ರೈವ್ ಅಳಿಸುವಾಗ ಕೈಗೆ ತಾಗುವ ಬಿಸಿಯೇ ಮಾಹಿತಿ ಅಳಿದ ಬಿಸಿ ಎಂಬರ್ಥ ಬರುವಂತೆ ಲೇಖನದಲ್ಲಿ ಅಚ್ಚಾಗಿದೆ. ಅದು ಸರಿಯಲ್ಲ. ಕೈಗೆ ತಾಗುವುದು ವಿದ್ಯುತ್ತು ಹರಿದಾಗ ಯಾವ ಉಪಕರಣದಲ್ಲೂ ಹುಟ್ಟುವ ಸಾಮಾನ್ಯ ಬಿಸಿ. ಮಾಹಿತಿಯನ್ನು ಅಳಿಸಿದ್ದಕ್ಕೆಂದೇ ತೆರಬೇಕಾದ ಬಿಸಿ ಬೇರೆ ಇದೆ, ಆದರೆ ಅದು ಊಹೆಗೂ ನಿಲುಕದಷ್ಟು ಕಡಿಮೆ. ಲೆಕ್ಕವನ್ನು ಮುಂದೆ ಕೊಡುತ್ತೇನೆ.

ತಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುವುದು ಲೇಸು, ಏಕೆಂದರೆ ಉಳಿದ ತೊಡಕುಗಳೆಲ್ಲ ಅಲ್ಲಿಂದಲೇ ಹುಟ್ಟಿವೆ. ‘ಮಾಹಿತಿ’ ಎಂದಾಗ ನಮ್ಮ ಮನಸ್ಸಿಗೆ ಬರುವುದು ತಿಳಿವಳಿಕೆ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವವರು ಕೇಳುವುದು ಅರ್ಥವುಳ್ಳ ಸಂಗತಿಯನ್ನು. ಆದರೆ 1948ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕ್ಲಾಡ್ ಶಾನನ್ ಸಂವಹನದ ಗಣಿತವನ್ನು ಕುರಿತು ಪ್ರಬಂಧ ಬರೆದಾಗ, ಸಂದೇಶಗಳಿಗೆ ಅರ್ಥವಿರುವುದುಂಟು, ಆದರೆ ಸಂದೇಶವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಎಂಜಿನಿಯರನ ಸಮಸ್ಯೆಗೆ ಆ ಅರ್ಥ ಸಂಬಂಧಿಸಿದ್ದಲ್ಲ ಎಂದು ಆರಂಭದಲ್ಲೇ ಸ್ಪಷ್ಟಪಡಿಸಿದರು. ಕಳಿಸಬಹುದಾಗಿದ್ದ ಸಂದೇಶಗಳು ಎಷ್ಟಿದ್ದವು, ಅವುಗಳಲ್ಲಿ ಒಂದನ್ನು ಆರಿಸಿದಾಗ ಎಷ್ಟು ಅನಿಶ್ಚಯ ಕಳೆಯಿತು ಎಂಬುದೇ ಅವರ ಅಳತೆ. ಎರಡು ಸಮಾನ ಸಾಧ್ಯತೆಗಳಲ್ಲಿ ಒಂದು ಖಚಿತವಾದರೆ ಅದು ಒಂದು ಬಿಟ್. ಚದುರಂಗದ 64 ಮನೆಗಳಲ್ಲಿ ರಾಜನಿರುವ ಮನೆ ಯಾವುದೆಂದು ಹೌದು-ಅಲ್ಲ ಎಂಬ ಪ್ರಶ್ನೆಗಳಿಂದಲೇ ಪತ್ತೆಹಚ್ಚಲು ಆರು ಪ್ರಶ್ನೆ ಸಾಕು; ಆದ್ದರಿಂದ ಅದು ಆರು ಬಿಟ್.

‘ಕರ್ನಾಟಕ’ ಎಂಬ ಪದವನ್ನೇ ನೋಡಿ. ಕ, ರ, ಹಲಂತದ ಚಿಹ್ನೆ, ನ, ದೀರ್ಘದ ಚಿಹ್ನೆ, ಟ, ಕ ಎಂದು ಏಳು ಸಂಕೇತಗಳಾಗಿ ಕಂಪ್ಯೂಟರು ಇದನ್ನು ಇಟ್ಟುಕೊಳ್ಳುತ್ತದೆ. ಇಂದು ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ (ಒಂದು ಬೈಟ್ ಎಂದರೆ ಎಂಟು ಬಿಟ್) ಬೇಕಾಗುವುದರಿಂದ ಇಡೀ ಪದ 21 ಬೈಟ್, ಅಂದರೆ 168 ಬಿಟ್‌ಗಳಷ್ಟು ಜಾಗ ಹಿಡಿಯುತ್ತದೆ. ಆದರೆ ‘ತಮ್ಮ ರಾಜ್ಯ ಯಾವುದು’ ಎಂಬ ಪ್ರಶ್ನೆಗೆ ಉತ್ತರವಾಗಿ ಇದು ಬಂದಾಗ, ಭಾರತದ 28 ರಾಜ್ಯಗಳಲ್ಲಿ ಒಂದನ್ನು ಆರಿಸಿದಂತಾಯಿತು. ಎಲ್ಲ ರಾಜ್ಯಗಳೂ ಸಮಾನ ಸಾಧ್ಯತೆಯವು ಎಂದುಕೊಂಡರೆ ಅದರಲ್ಲಿರುವ ಮಾಹಿತಿ ಐದು ಬಿಟ್‌ಗೂ ಕಡಿಮೆ. ಹಿಂದೆ ತಂತಿ ಕಚೇರಿಯಲ್ಲಿ ಮದುವೆಗೆ, ಹಬ್ಬಕ್ಕೆ ಶುಭಾಶಯ ಕಳಿಸುವವರು ಸಿದ್ಧವಾಕ್ಯಗಳ ಪಟ್ಟಿಯಿಂದ ಒಂದು ಅಂಕಿಯನ್ನು ಆರಿಸಿದರೆ ಸಾಕಿತ್ತು ಎಂಬುದು ತಮಗೆ ನೆನಪಿರಬಹುದು. ಅದೇ ಪಟ್ಟಿ ಆ ತುದಿಯಲ್ಲೂ ಇದ್ದುದರಿಂದ ತಂತಿಯ ಮೇಲೆ ಅಂಕಿಯಷ್ಟೇ ಹರಿದು, ಮನೆ ಬಾಗಿಲಿಗೆ ಇಡೀ ವಾಕ್ಯ ಬರುತ್ತಿತ್ತು. 2013ರ ಜುಲೈನಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆ ನಿಂತಿತು, ಆದರೆ ಶಾನನ್ ಅಳತೆಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಈವರೆಗೆ ಸಿಕ್ಕಿಲ್ಲ.

ಕವಿತೆಯ ವಿಷಯಕ್ಕೆ ಬರುತ್ತೇನೆ. ನಾನು ಪತ್ರಿಕೆಯ ಕೆಲಸಕ್ಕೆ ಸೇರಿದ್ದು ಅಚ್ಚಿನ ಮೊಳೆಗಳನ್ನು, ಅಂದರೆ ಲೋಹದ ಬಿಡಿ ಅಕ್ಷರಗಳನ್ನು, ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ. ಕಂಪೋಸಿಟರ್ ಎದುರಿಗಿದ್ದ ಮರದ ಕೇಸಿನಲ್ಲಿ ನೂರಾರು ಖಾನೆಗಳು. ಪದೇ ಪದೇ ಬೇಕಾಗುವ ನ, ರ, ದ, ತ ಕೈಗೆ ಹತ್ತಿರದ ಖಾನೆಗಳಲ್ಲಿ ರಾಶಿಯಾಗಿದ್ದರೆ, ಝ, ಙ ಮೂಲೆಯಲ್ಲಿ ನಾಲ್ಕಾರು ಮೊಳೆಗಳಷ್ಟೇ. ಆ ಕೇಸಿನ ಜೋಡಣೆಯೇ ಕನ್ನಡದ ಅಕ್ಷರಗಳ ಸಂಭವನೀಯತೆಯ ನಕ್ಷೆಯಾಗಿತ್ತೆಂಬುದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ತಂತಿಯ ಸಂಕೇತಗಳನ್ನು ರೂಪಿಸುವಾಗ ಮೋರ್ಸ್ ಅವರ ಜೊತೆಗಾರ ಆಲ್ಫ್ರೆಡ್ ವೇಲ್ ಕೂಡ ಪತ್ರಿಕೆಯೊಂದರ ಅಚ್ಚುಕೂಟಕ್ಕೆ ಹೋಗಿ ಮೊಳೆಗಳನ್ನು ಎಣಿಸಿದರೆಂದು ಹೇಳುತ್ತಾರೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯ ‘ಇ’ ಅಕ್ಷರಕ್ಕೆ ಒಂದೇ ಒಂದು ಚುಕ್ಕೆ ದಕ್ಕಿದ್ದರ ಕಾರಣ ಅಕ್ಷರಗಳ ಈ ಲೆಕ್ಕಾಚಾರವೇ.

ಭಾಷೆಯಲ್ಲಿ ಮುಂದಿನ ಅಕ್ಷರವನ್ನು ಬಹುಪಾಲು ಊಹಿಸಬಹುದು. ಊಹಿಸಬಹುದಾದದ್ದು ಬಂದಾಗ ಅನಿಶ್ಚಯ ಕಡಿಮೆ ಕಳೆಯುತ್ತದೆ, ಆದ್ದರಿಂದ ಶಾನನ್ ಅಳತೆಯಲ್ಲಿ ಮಾಹಿತಿಯೂ ಕಡಿಮೆ. ಕಣ್ಣು ಮುಚ್ಚಿ ಖಾನೆಗಳಿಂದ ಎತ್ತಿದ ಮೊಳೆಗಳ ಸಾಲಿನಲ್ಲಿ ಮುಂದಿನದು ಯಾವುದೆಂದು ಹೇಳಲು ಬರುವುದಿಲ್ಲವಾದ್ದರಿಂದ ಅಲ್ಲಿ ಅಳತೆ ಹೆಚ್ಚು. ಇದರಲ್ಲಿ ಭಾಷೆಗೆ ಅವಮಾನವೇನೂ ಇಲ್ಲ. ಹಾಗೆ ನೋಡಿದರೆ ಊಹೆಗೆ ಸಿಗುವ ಆ ಹೆಚ್ಚುವರಿಯೇ ಭಾಷೆಯ ಶಕ್ತಿ. ತಮ್ಮ ಪತ್ರದ ಎರಡನೆಯ ಪುಟದ ಮೇಲೆ ಮಳೆಹನಿ ಬಿದ್ದು ಶಾಯಿ ಹರಡಿತ್ತು. ‘ಉಷ್ಣ’ ಎಂಬುದರ ಮುಂದೆ ಮೂರ್ನಾಲ್ಕು ಅಕ್ಷರ ಕಾಣದಿದ್ದರೂ ‘ಉಷ್ಣಗತಿವಿಜ್ಞಾನ’ ಎಂದು ಕಷ್ಟವಿಲ್ಲದೆ ಓದಿದೆ. ಆದರೆ ಕೊನೆಯ ಪುಟದಲ್ಲಿ ತಮ್ಮ ಮೊಬೈಲ್ ಸಂಖ್ಯೆಯ ಮೇಲೂ ಹನಿ ಬಿದ್ದು ಎರಡು ಅಂಕಿ ಅಳಿಸಿಹೋಗಿವೆ. ಎಷ್ಟು ದಿಟ್ಟಿಸಿದರೂ ಅವು ಯಾವುವೆಂದು ತಿಳಿಯಲಿಲ್ಲ, ಏಕೆಂದರೆ ಅಲ್ಲಿ ಒಂದು ಅಂಕಿಯೂ ಹೆಚ್ಚುವರಿಯಲ್ಲ. ಕರಡು ತಿದ್ದುವವರಿಗೆಲ್ಲ ಇದರ ಅನುಭವವಿದೆ: ಕಥೆಯ ತಪ್ಪು ಕಣ್ಣಿಗೆ ರಾಚುತ್ತದೆ, ಬೆಲೆಪಟ್ಟಿಯ ತಪ್ಪು ನುಸುಳಿಹೋಗುತ್ತದೆ. ಪುಸ್ತಕಗಳ ಬೆನ್ನಿಗಿರುವ ಐಎಸ್‌ಬಿಎನ್‌ನ ಹದಿಮೂರನೆಯ ಅಂಕಿಯನ್ನು ಮೊದಲ ಹನ್ನೆರಡರಿಂದ ಲೆಕ್ಕ ಹಾಕಿ ಸೇರಿಸಿರುವುದು ಇಂಥ ತಪ್ಪನ್ನು ಹಿಡಿಯಲೆಂದೇ. ಮಂಗಳ ಗ್ರಹದಿಂದ ನಮ್ಮ ನೌಕೆ ಕಳಿಸಿದ ಕ್ಷೀಣ ಸಂಕೇತಗಳನ್ನು ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿರುವ 32 ಮೀಟರ್ ಅಗಲದ ಆಂಟೆನಾ ಹಿಡಿದಾಗ, ಸದ್ದಿನ ನಡುವಿನಿಂದ ಚಿತ್ರವನ್ನು ಹೆಕ್ಕಿ ಕೊಟ್ಟದ್ದು ಹೀಗೆ ಲೆಕ್ಕ ಹಾಕಿ ಸೇರಿಸಿದ ಹೆಚ್ಚುವರಿ ಬಿಟ್‌ಗಳು.

ಇನ್ನು ಮೊದಲ ಪ್ರಶ್ನೆ. ಮಾಹಿತಿಗೆ ತೂಕವಿಲ್ಲ ನಿಜ, ಆದರೆ ಯಾವುದಾದರೊಂದು ವಸ್ತುವಿನ ಸ್ಥಿತಿಯಾಗಿ ಅಲ್ಲದೆ ಅದು ಎಲ್ಲಿಯೂ ಇರಲಾರದು. ಶಾಯಿಯಾಗಿಯೋ, ಮೊಳೆಯ ಸಾಲಾಗಿಯೋ, ಕಂಪ್ಯೂಟರ್ ಚಿಪ್‌ನಲ್ಲಿ ಸಿಕ್ಕಿಬಿದ್ದ ಎಲೆಕ್ಟ್ರಾನುಗಳಾಗಿಯೋ, ಗಂಟಲಿನಿಂದ ಹೊರಟ ಗಾಳಿಯ ಕಂಪನವಾಗಿಯೋ ಅದು ಇರಲೇಬೇಕು. ವಸ್ತುವಿಗೆ ಅನ್ವಯಿಸುವ ನಿಯಮ ಅದರ ಸ್ಥಿತಿಗೂ ಅನ್ವಯಿಸುವುದರಿಂದ ಮಾಹಿತಿಯೊಡನೆ ನಾವು ಏನು ಮಾಡಬಹುದು, ಏನು ಮಾಡಲಾಗದು ಎಂಬುದನ್ನು ಭೌತವಿಜ್ಞಾನವೇ ನಿರ್ಧರಿಸುತ್ತದೆ. ಇದು ಸ್ಪಷ್ಟವಾಗಲು ತೊಂಬತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು, ಮತ್ತು ಅದಕ್ಕೆ ಕಾರಣವಾದದ್ದು ಒಂದು ಭೂತ.

1867ರಲ್ಲಿ ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ತಮ್ಮ ಗೆಳೆಯ ಟೇಟ್ ಅವರಿಗೆ ಬರೆದ ಕಾಗದದಲ್ಲಿ ಹೀಗೊಂದು ಕಲ್ಪನೆ ಮಾಡಿದರು. ಅನಿಲ ತುಂಬಿದ ಪೆಟ್ಟಿಗೆಯ ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಪುಟ್ಟ ಬಾಗಿಲು, ಬಾಗಿಲಲ್ಲಿ ಒಂದೊಂದು ಅಣುವನ್ನೂ ನೋಡಬಲ್ಲ ಚುರುಕಾದ ಜೀವಿ. ವೇಗದ ಅಣು ಎಡದಿಂದ ಬಂದರೆ ಬಲಕ್ಕೆ ಬಿಡುತ್ತದೆ, ನಿಧಾನದ ಅಣು ಬಲದಿಂದ ಬಂದರೆ ಎಡಕ್ಕೆ ಬಿಡುತ್ತದೆ, ಉಳಿದವಕ್ಕೆ ಬಾಗಿಲು ಮುಚ್ಚಿರುತ್ತದೆ. ಕ್ರಮೇಣ ಬಲಗಡೆ ಬಿಸಿ, ಎಡಗಡೆ ತಂಪು. ಯಾವ ಕೆಲಸವನ್ನೂ ವ್ಯಯಿಸದೆ ಹೀಗೆ ಬಿಸಿಯನ್ನೂ ತಂಪನ್ನೂ ಬೇರ್ಪಡಿಸಬಹುದಾದರೆ ಎಂಟ್ರೊಪಿ, ಅಂದರೆ ಅವ್ಯವಸ್ಥೆಯ ಅಳತೆ, ತಾನಾಗಿ ಇಳಿಯುವುದಿಲ್ಲ ಎಂಬ ಉಷ್ಣಗತಿವಿಜ್ಞಾನದ ಎರಡನೆಯ ನಿಯಮವೇ ಮುರಿದುಬಿತ್ತು. ಇದಕ್ಕೆ ‘ಭೂತ’ ಎಂದು ಹೆಸರಿಟ್ಟವರು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು.

ಭೂತದ ಬಂಡವಾಳ ಅದಕ್ಕಿರುವ ತಿಳಿವೊಂದೇ ಎಂಬುದನ್ನು ಗಮನಿಸಬೇಕು. 1929ರಲ್ಲಿ ಲಿಯೊ ಸಿಲಾರ್ಡ್ ಇದನ್ನು ಒಂದೇ ಒಂದು ಅಣುವಿರುವ ಪೆಟ್ಟಿಗೆಗೆ ಇಳಿಸಿ, ಅಣು ಎಡಕ್ಕಿದೆಯೋ ಬಲಕ್ಕಿದೆಯೋ ಎಂಬ ಒಂದೇ ಸಂಗತಿ ತಿಳಿದರೂ ಅದರಿಂದ ಇಂತಿಷ್ಟು ಕೆಲಸವನ್ನು ಪಡೆಯಬಹುದೆಂದು ತೋರಿಸಿದರು. ಅಳೆಯುವಾಗಲೇ ಅದಕ್ಕೆ ಸಮನಾದ ಬೆಲೆ ತೆರಬೇಕಾಗುತ್ತದೆ ಎಂದು ಅವರು ನಂಬಿದ್ದರು. ಬೆಲೆ ತೆರಬೇಕಾದ ಸರಿಯಾದ ಜಾಗವನ್ನು ತೋರಿಸಿದವರು ಐಬಿಎಂ ಸಂಸ್ಥೆಯ ರಾಲ್ಫ್ ಲ್ಯಾಂಡವರ್. ಸ್ಮೃತಿಯಲ್ಲಿರುವ (ಮೆಮೊರಿಯಲ್ಲಿರುವ) ಒಂದು ಬಿಟ್ ಅನ್ನು ಅಳಿಸುವಾಗ, ಎಷ್ಟೇ ಜಾಣತನದ ಯಂತ್ರವನ್ನು ಕಟ್ಟಿದರೂ, ಒಂದು ಕನಿಷ್ಠ ಪ್ರಮಾಣದ ಶಾಖ ಹೊರಬೀಳಲೇಬೇಕೆಂದು ಅವರು 1961ರಲ್ಲಿ ವಾದಿಸಿದರು. ಅಳೆಯುವುದನ್ನು ತಾತ್ತ್ವಿಕವಾಗಿ ಪುಕ್ಕಟೆಯಾಗಿ ಮಾಡಬಹುದು, ಆದರೆ ಭೂತದ ಟಿಪ್ಪಣಿ ಪುಸ್ತಕ ತುಂಬಿದಾಗ ಅದನ್ನು ಖಾಲಿ ಮಾಡಲು ತೆರುವ ಬೆಲೆಯೇ ಎರಡನೆಯ ನಿಯಮವನ್ನು ಕಾಯುತ್ತದೆ ಎಂದು ಅದೇ ಸಂಸ್ಥೆಯ ಚಾರ್ಲ್ಸ್ ಬೆನೆಟ್ 1982ರಲ್ಲಿ ವಿವರಿಸಿದರು.

ಇದನ್ನು ಮೊದಲ ಸಲ ಓದಿದಾಗ ನನಗೆ ಅಚ್ಚುಕೂಟದ ಸಂಜೆಗಳು ನೆನಪಾದವು. ಅಚ್ಚಾದ ಪುಟವನ್ನು ಬಿಚ್ಚಿ, ಒಂದೊಂದೇ ಮೊಳೆಯನ್ನು ಅದರದರ ಖಾನೆಗೆ ಹಾಕದಿದ್ದರೆ ಮರುದಿನದ ಪುಟಕ್ಕೆ ಮೊಳೆ ಸಾಲುತ್ತಿರಲಿಲ್ಲ. ಓದುಗರ ಕಣ್ಣಿಗೆ ಬೀಳುತ್ತಿದ್ದುದು ಜೋಡಿಸುವ ಕೆಲಸ ಮಾತ್ರ. ಬಿಚ್ಚಿ ತುಂಬುವ ಕೆಲಸ ಅದಕ್ಕೆ ಕಡಿಮೆಯದೇನಲ್ಲ. ಹೋಲಿಕೆ ಇಷ್ಟಕ್ಕೇ ನಿಲ್ಲಬೇಕು, ಏಕೆಂದರೆ ಕಂಪೋಸಿಟರ್‌ನ ದಣಿವಿಗೆ ಬೇರೆ ಕಾರಣಗಳಿವೆ. ಲ್ಯಾಂಡವರ್ ಬೆಲೆಗೆ ಕಾರಣ ಇನ್ನೂ ಆಳದ್ದು. ಅಳಿಸುವುದೆಂದರೆ ಸೊನ್ನೆಯಿದ್ದರೂ ಒಂದಿದ್ದರೂ ಕೊನೆಗೆ ಸೊನ್ನೆಯಾಗಿಸುವುದು, ಎಂದರೆ ಎರಡು ಬೇರೆ ಬೇರೆ ಭೂತಕಾಲಗಳನ್ನು ಒಂದೇ ವರ್ತಮಾನಕ್ಕೆ ತಂದು ನಿಲ್ಲಿಸುವುದು. ಅಣುಗಳ ಮಟ್ಟದ ನಿಯಮಗಳು ಇದಕ್ಕೆ ಎಡೆಗೊಡುವುದಿಲ್ಲ. ಅಲ್ಲಿ ಬೇರೆಯಾಗಿದ್ದದ್ದು ಬೇರೆಯಾಗಿಯೇ ಉಳಿಯಬೇಕು. ಆದ್ದರಿಂದ ಸ್ಮೃತಿಯಿಂದ ಹೊರಬಿದ್ದ ವ್ಯತ್ಯಾಸ ಸುತ್ತಲಿನ ಅಣುಗಳ ಅಡ್ಡಾದಿಡ್ಡಿ ಚಲನೆಗೆ ಸೇರಿಕೊಳ್ಳುತ್ತದೆ. ಆ ಚಲನೆಗೇ ಬಿಸಿ ಎಂದು ಹೆಸರು.

ಲೆಕ್ಕ ಹೀಗಿದೆ. ಬೋಲ್ಟ್ಸ್‌ಮನ್ ಸ್ಥಿರಾಂಕ, ಕೆಲ್ವಿನ್ ಮಾನದ ತಾಪ ಮತ್ತು 0.693 ಎಂಬ ಸಂಖ್ಯೆ, ಈ ಮೂರನ್ನೂ ಗುಣಿಸಿದರೆ ಒಂದು ಬಿಟ್‌ನ ಬೆಲೆ ಬರುತ್ತದೆ. 300 ಕೆಲ್ವಿನ್ ತಾಪದಲ್ಲಿ, ಅಂದರೆ ನಮ್ಮ ಬೆಚ್ಚನೆಯ ಕೋಣೆಯಲ್ಲಿ, ಅದು ಒಂದು ಜೂಲ್‌ನ ಕೋಟಿಯ ಕೋಟಿಯ ಕೋಟಿಯಲ್ಲಿ ಸುಮಾರು ಮೂರು ಪಾಲು. 16 ಜಿಬಿ ಪೆನ್‌ಡ್ರೈವಿನ 12,800 ಕೋಟಿ ಬಿಟ್‌ಗಳನ್ನೂ ಅಳಿಸಿದರೂ, ಒಂದು ಚಮಚ ನೀರನ್ನು ಒಂದು ಡಿಗ್ರಿಯಷ್ಟು ಬಿಸಿ ಮಾಡಲು ಅದರ ಐದು ಸಾವಿರ ಕೋಟಿಗೂ ಹೆಚ್ಚು ಪಟ್ಟು ಶಾಖ ಬೇಕು. ಇಷ್ಟು ಸಣ್ಣದನ್ನೂ 2012ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ವಿಜ್ಞಾನಿಗಳು ಅಳೆದು ತೋರಿಸಿದರು. ನೀರಿನಲ್ಲಿ ತೇಲುವ, ಎರಡು ಮೈಕ್ರೋಮೀಟರ್ ದಪ್ಪದ ಗಾಜಿನಂಥ ಮಣಿಯನ್ನು ಲೇಸರ್ ಬೆಳಕಿನಿಂದ ರಚಿಸಿದ ಎರಡು ಗುಳಿಗಳ ನಡುವೆ ಇಟ್ಟು, ಮೊದಲು ಯಾವ ಗುಳಿಯಲ್ಲಿದ್ದರೂ ಕೊನೆಗೆ ಒಂದೇ ಗುಳಿಗೆ ಬರುವಂತೆ ಮಾಡಿದರು. ಕೆಲಸವನ್ನು ನಿಧಾನ ಮಾಡುತ್ತ ಹೋದಂತೆ ಹೊರಬಿದ್ದ ಶಾಖ ಲ್ಯಾಂಡವರ್ ಹೇಳಿದ ಮಿತಿಯ ಹತ್ತಿರಕ್ಕೆ ಇಳಿದು ಅಲ್ಲಿಯೇ ನಿಂತಿತು.

ಸುಟ್ಟ ಕಾಗದದ ಪ್ರಶ್ನೆಗೆ ಉತ್ತರ ಇದರಲ್ಲೇ ಅಡಗಿದೆ. ಬೂದಿ, ಹೊಗೆ, ಬೆಳಕು, ಶಾಖ ಎಲ್ಲದರ ಕಣಕಣದ ಸ್ಥಿತಿಯನ್ನೂ ತಿಳಿದವರಿದ್ದರೆ ತಾತ್ತ್ವಿಕವಾಗಿ ಕಾಗದದ ಬರಹವನ್ನು ಹಿಂದಿರುಗಿ ಪಡೆಯಬಹುದು ಎಂಬುದು ಭೌತವಿಜ್ಞಾನದ ನಿಲುವು. ಕಾರ್ಯತಃ ಅದು ಯಾರಿಂದಲೂ ಆಗದು. ಮಾಹಿತಿ ನಾಶವಾಗದೆಂಬ ಈ ನಿಯಮಕ್ಕೆ ನಿಜವಾದ ಕುತ್ತು ಬಂದದ್ದು ಬೆಳಕೂ ಹೊರಬರಲಾಗದಷ್ಟು ಬಲವಾದ ಗುರುತ್ವವುಳ್ಳ ಕಪ್ಪುಕುಳಿಗಳಿಂದ. ಕಪ್ಪುಕುಳಿಯ ಎಂಟ್ರೊಪಿ ಅದರ ಹೊರಮೈಯ ವಿಸ್ತೀರ್ಣವನ್ನು ಅವಲಂಬಿಸಿದೆ ಎಂದು ಭೌತವಿಜ್ಞಾನಿ ಜೇಕಬ್ ಬೆಕೆನ್‌ಸ್ಟೈನ್ ಹೇಳಿದ ಮೇಲೆ, ಅದು ವಿಕಿರಣ ಸೂಸುತ್ತ ಆವಿಯಾಗುತ್ತದೆಂದು 1974ರಲ್ಲಿ ಸ್ಟೀಫನ್ ಹಾಕಿಂಗ್ ತೋರಿಸಿದರು. ಆ ವಿಕಿರಣದಲ್ಲಿ ಒಳಗೆ ಬಿದ್ದ ವಸ್ತುವಿನ ಗುರುತೇ ಇಲ್ಲವಾದ್ದರಿಂದ ಮಾಹಿತಿ ಶಾಶ್ವತವಾಗಿ ನಾಶವಾಗುತ್ತದೆ ಎಂದು 1976ರಲ್ಲಿ ವಾದಿಸಿದ ಅವರು, 2004ರಲ್ಲಿ ಡಬ್ಲಿನ್ ಸಮ್ಮೇಳನದಲ್ಲಿ ಆ ನಿಲುವನ್ನು ಕೈಬಿಟ್ಟು, ಭೌತವಿಜ್ಞಾನಿ ಜಾನ್ ಪ್ರೆಸ್ಕಿಲ್ ಅವರೊಡನೆ ಕಟ್ಟಿದ್ದ ಪಂದ್ಯದಲ್ಲಿ ಸೋತೆನೆಂದು ಒಪ್ಪಿಕೊಂಡರು. ಮಾಹಿತಿ ಉಳಿಯುತ್ತದೆ ಎಂಬ ಕಡೆಗೇ ಇಂದು ಹೆಚ್ಚಿನವರ ಒಲವು, ಆದರೆ ಅದು ಹೊರಬರುವ ಬಗೆ ಇನ್ನೂ ಇತ್ಯರ್ಥವಾಗಿಲ್ಲ.

ಶಬ್ದಬ್ರಹ್ಮದ ಹೋಲಿಕೆಯನ್ನು ಮಾತ್ರ ನಾನು ಒಪ್ಪಲಾರೆ, ಕ್ಷಮಿಸಬೇಕು. ಜಗತ್ತಿನ ಪ್ರತಿಯೊಂದು ವಸ್ತುವೂ ಬಿಟ್‌ನಿಂದಲೇ ಹುಟ್ಟಿದೆ ಎಂಬರ್ಥದ ಮಾತನ್ನು ಜಾನ್ ವೀಲರ್ ಮುಂದಿಟ್ಟದ್ದು ನಿಜ, ಆದರೆ ಅದು ಹಿರಿಯ ವಿಜ್ಞಾನಿಯೊಬ್ಬರ ಧೀರ ಊಹೆ. ಲ್ಯಾಂಡವರ್ ಮಿತಿಯಂತೆ ಪ್ರಯೋಗದಲ್ಲಿ ಅಳೆದ ಸಂಗತಿಯಲ್ಲ. ಅದಕ್ಕಿಂತ ಮುಖ್ಯವಾಗಿ, ಶಬ್ದಬ್ರಹ್ಮದ ಕಲ್ಪನೆಯನ್ನು ವಿವರಿಸಿದ ವೈಯಾಕರಣ ಭರ್ತೃಹರಿಯ ಚಿಂತನೆ ನಿಂತಿರುವುದು ಶಬ್ದಕ್ಕೂ ಅರ್ಥಕ್ಕೂ ಇರುವ ಬಿಡಿಸಲಾಗದ ನಂಟಿನ ಮೇಲೆ. ಶಾನನ್ ತಮ್ಮ ಅಳತೆಯನ್ನು ಕಟ್ಟಿದ್ದು ಅದೇ ಅರ್ಥವನ್ನು ಬದಿಗಿಟ್ಟು. ಎರಡನ್ನೂ ಒಂದೇ ಎಂದರೆ ಇಬ್ಬರ ಶ್ರಮಕ್ಕೂ ಅನ್ಯಾಯ ಮಾಡಿದಂತೆ. ತರಗತಿಯಲ್ಲಿ ಈ ಹೋಲಿಕೆಯಿಂದಲೇ ಪಾಠ ಆರಂಭಿಸುತ್ತಿದ್ದೆನೆಂದು ಬರೆದಿದ್ದೀರಿ. ಮಕ್ಕಳ ಕುತೂಹಲ ಕೆರಳಿಸಲು ಅದು ಒದಗಿರಬಹುದು, ಆದರೆ ಚದುರಂಗದ ಮನೆಯ ಆಟ ಅದಕ್ಕಿಂತ ಬೇಗ ಅವರನ್ನು ವಿಷಯದ ಒಳಕ್ಕೆ ಕರೆದೊಯ್ಯುತ್ತದೆಂದು ನನಗನಿಸುತ್ತದೆ.

ಪೆನ್‌ಡ್ರೈವ್ ಕುರಿತ ತಿದ್ದುಪಡಿಯನ್ನು ಇದೇ ಸಂಚಿಕೆಯಲ್ಲಿ ಪ್ರಕಟಿಸುತ್ತಿದ್ದೇವೆ. ಕಪ್ಪುಕುಳಿಯ ಬಗ್ಗೆ ತಾವು ಕೇಳಿರುವ ಇನ್ನೆರಡು ಪ್ರಶ್ನೆಗಳನ್ನು ಫೋನಿನಲ್ಲಿ ಚರ್ಚಿಸುವ ಆಸೆಯಿದೆ. ದಯವಿಟ್ಟು ತಮ್ಮ ಮೊಬೈಲ್ ಸಂಖ್ಯೆಯನ್ನು ಮತ್ತೊಮ್ಮೆ ಬರೆದು ಕಳಿಸಿ.

— ಸಂಪಾದಕ