ಗ್ಯಾರೇಜ್ ಕಟ್ಟೆ: ಸ್ಪ್ರಿಂಗಿಗೂ ಕೂರೋಕೆ ಜಾಗ ಬೇಡ್ವಾ?

ಪ್ರಶ್ನೆ: ಹೋದ ವರ್ಷ ಸೆಕೆಂಡ್ ಹ್ಯಾಂಡ್ ಪೋರ್ಷೆ 718 ಕೇಮನ್ ತಗೊಂಡೆ. ಎರಡು ಲೀಟರ್ ಎಂಜಿನ್ನಿನದು. ಹಿಂದಿನವರು 20 ಇಂಚಿನ ಚಕ್ರ ಹಾಕಿಸಿ, ಗಿಡ್ಡ ಸ್ಪ್ರಿಂಗ್ ಕೂರಿಸಿ ಕಾರನ್ನು ತಗ್ಗಿಸಿದ್ದಾರೆ. ನೋಡಲು ಚೆಂದ. ಆದರೆ ಐ.ಜಿ. ರಸ್ತೆಯಿಂದ ಹನುಮಂತಪ್ಪ ಸರ್ಕಲ್ ದಾಟಿ ಮನೆ ಸೇರುವಷ್ಟರಲ್ಲಿ ಸೊಂಟ ಬಿದ್ದು ಹೋಗುತ್ತದೆ. ಮನೆಯವರು ಹತ್ತುವುದನ್ನೇ ಬಿಟ್ಟರು. ಸ್ಪ್ರಿಂಗ್ ಸುತ್ತಿನ ನಡುವೆ ರಬ್ಬರ್ ಬಫರ್ ಹಾಕಿಸು ಅಂತಾರೆ ಗೆಳೆಯರು. ಹಾಕಿಸಲೇ?
– ಕಾಫಿ ಬೆಳೆಗಾರ, ಚಿಕ್ಕಮಗಳೂರು

ಉತ್ತರ: ಬೇಡ. ಬಫರ್ ಸಿಕ್ಕಿಸಿದರೆ ಸ್ಪ್ರಿಂಗಿನ ಒಂದು ಸುತ್ತು ಕೆಲಸ ಮಾಡುವುದನ್ನೇ ನಿಲ್ಲಿಸುತ್ತದೆ. ಉಳಿದದ್ದು ಇನ್ನೂ ಬಿಗಿ. ಹಿಂದೆ ನಾನೂ ನನ್ನ ಹಳೇ ಕಾರಿಗೆ ಹಾಕಿಕೊಂಡಿದ್ದೆ. ಹಾಸನದಿಂದ ಸಕಲೇಶಪುರಕ್ಕೆ ಹೋಗಿ ಬಂದವನು ಅದೇ ಸಂಜೆ ಕಿತ್ತು ಗುಜರಿ ಡಬ್ಬಕ್ಕೆ ಎಸೆದೆ.

ನಿಮ್ಮ ಕಾರಿನ ಕಾಯಿಲೆ ಬರೀ ಗಟ್ಟಿ ಸ್ಪ್ರಿಂಗ್ ಅಲ್ಲ, ಜಾಗ ಇಲ್ಲದಿರುವುದು. ಗುಂಡಿ ಬಂದಾಗ ಚಕ್ರ ಮೇಲಕ್ಕೆ ಹೋಗಬೇಕು. ಕಾರು ತಗ್ಗಿಸಿದಾಗ ಆ ಓಡಾಟ ಕಡಿಮೆಯಾಗಿ, ಶಾಕ್ ಅಬ್ಸಾರ್ಬರ್ ಬೇಗ ಬಂಪ್ ಸ್ಟಾಪಿಗೆ, ಅಂದರೆ ಓಡಾಟದ ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಿಗೆ, ಹೋಗಿ ಕುಟ್ಟುತ್ತದೆ. ಸೊಂಟಕ್ಕೆ ಬೀಳೋದು ಆ ಏಟು. ನಂಬಿಕೆ ಬರದಿದ್ದರೆ ಶಾಕಿನ ಧೂಳು ತಡೆಯುವ ರಬ್ಬರ್ ಎತ್ತಿಸಿ, ಹೊಳೆಯುವ ರಾಡಿಗೆ ಬುಡದಲ್ಲಿ ಒಂದು ಪ್ಲಾಸ್ಟಿಕ್ ಟೈ ಕಟ್ಟಿಸಿ. ನಿಮ್ಮ ಮಾಮೂಲಿ ದಾರಿಯಲ್ಲೇ ಒಂದು ಸುತ್ತು ಬನ್ನಿ. ಟೈ ಮೇಲಕ್ಕೆ ಸರಿದು ಬಂಪ್ ಸ್ಟಾಪಿಗೆ ಒತ್ತಿಕೊಂಡಿದ್ದರೆ ಬೇರೆ ಸಾಕ್ಷಿ ಬೇಡ.

ಹಾಗಿದ್ದರೆ ಕಂಪನಿಯ ಸ್ಪ್ರಿಂಗನ್ನೇ ವಾಪಸ್ ಹಾಕಿಸಿ, ಜೊತೆಗೆ ಹೊಸ ಬಂಪ್ ಸ್ಟಾಪ್. ಮೆಕ್ಯಾನಿಕ್‌ಗೆ ಒಂದು ಮಾತು ಹೇಳಿ: ಆರ್ಮ್ ಬುಶ್‌ಗಳ (ಚಕ್ರ ಹಿಡಿದಿರುವ ತೋಳುಗಳ ಕೀಲಿನ ರಬ್ಬರ್) ಬೋಲ್ಟನ್ನು ಕಾರು ಜ್ಯಾಕ್ ಮೇಲೆ ನೇತಾಡುವಾಗ ಬಿಗಿಯಬಾರದು, ಭಾರ ಚಕ್ರದ ಮೇಲೆ ಇರುವಾಗ ಬಿಗಿಯಬೇಕು. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೊನೆಗೆ ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್.

ಆಮೇಲೆ ಚಕ್ರ. ಈ ಮಾಡೆಲಿಗೆ ಕಂಪನಿಯೇ 18 ಇಂಚು ಕೊಡುತ್ತಿತ್ತು: ಮುಂದೆ 235/45, ಹಿಂದೆ 265/45. ಮೊದಲ ಅಂಕಿ ಟೈರಿನ ಅಗಲ, ಮಿ.ಮೀ. ಲೆಕ್ಕದಲ್ಲಿ; ಎರಡನೆಯದು ಪಕ್ಕದ ರಬ್ಬರಿನ ಎತ್ತರ ಆ ಅಗಲದ ಶೇಕಡಾ ಎಷ್ಟು ಅನ್ನೋದು. ಈಗ ನಿಮ್ಮ ಮುಂದಿನ ಟೈರ್ 235/35 ಇರಬೇಕು, ಅಂದರೆ ಪಕ್ಕದ ರಬ್ಬರ್ ಸುಮಾರು 82 ಮಿ.ಮೀ. 18ಕ್ಕೆ ಇಳಿದರೆ ಅದು 106 ಆಗುತ್ತದೆ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಒಂದು ಇಂಚಿನಷ್ಟು ಹೆಚ್ಚು ಗಾಳಿ. ಟೈರಿನ ಒಟ್ಟು ಎತ್ತರ ಹೆಚ್ಚುಕಮ್ಮಿ ಅಷ್ಟೇ ಉಳಿಯುವುದರಿಂದ ಸ್ಪೀಡೋಮೀಟರ್ ತಲೆನೋವಿಲ್ಲ. ಚೆಂದ ಸ್ವಲ್ಪ ಕಮ್ಮಿಯಾಗುತ್ತೆ, ನಿಜ. ನನ್ನ ಕಣ್ಣಿಗಂತೂ ಹಾಗೇ ಚೆನ್ನ.

ಇದಕ್ಕೆಲ್ಲ ಮೊದಲು ಕಾಸಿಲ್ಲದ ಕೆಲಸ ಒಂದಿದೆ. ಬೆಳಿಗ್ಗೆ ಕಾರು ತಣ್ಣಗಿರುವಾಗ ಗಾಳಿ ನೋಡಿ. ಬಂಕಿನ ಹುಡುಗ ‘ದೊಡ್ಡ ಗಾಡಿ’ ಅಂತ ಸುಮ್ನೆ ಜಾಸ್ತಿ ತುಂಬಿರುತ್ತಾನೆ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ ನಿಮ್ಮ ಟೈರ್ ಅಳತೆಗೆ ಎಷ್ಟಿದೆಯೋ ಅಷ್ಟೇ ಸಾಕು. ಅದಕ್ಕಿಂತ ಇಳಿಸಲೂ ಹೋಗಬೇಡಿ, ಗುಂಡಿಗೆ ರಿಮ್ ಬಲಿಯಾಗುತ್ತದೆ.

ಬಿಚ್ಚಿದ 20 ಇಂಚಿನ ಸೆಟ್ ಮಾರಬೇಡಿ. ಮಾಲೀಕರಿಗೆ ಮತ್ತೆ ಆಸೆ ಬರುತ್ತೆ, ನೋಡಿದ್ದೀನಿ.