ಮುಟ್ಟಿನ ನೋವಿಗೆ ಮಾತ್ರೆ ತಗೊಂಡ್ರೆ ಮುಂದೆ ಮಕ್ಕಳಾಗಲ್ವಾ? ತಡ್ಕೊಂಡ್ರೆ ನೋವು ಅಭ್ಯಾಸ ಆಗುತ್ತಾ?

ಮಾತ್ರೆ ತಿಂದ್ರೆ ಗರ್ಭಕೋಶ ಕೆಡುತ್ತೆ ಅಂತ ನಿಮ್ಮಜ್ಜಿ, ತಡ್ಕೊಂಡ್ರೆ ಮೈಗೆ ಅಭ್ಯಾಸ ಆಗುತ್ತೆ ಅಂತ ನಿಮ್ಮಮ್ಮ, ಮಧ್ಯದಲ್ಲಿ ನೀವು ಮೈಸೂರಿನ ಹಾಸ್ಟೆಲಲ್ಲಿ ತಿಂಗಳಿಗೆ ಎರಡು ದಿನ ಕ್ಲಾಸ್ ತಪ್ಪಿಸ್ಕೊಂಡು ಮಲಗಿರ್ತೀರಿ, ಇಷ್ಟು ತಾನೆ ನೀವು ಬರ್ದಿರೋದು. ನಾನು ಮದ್ದೂರು ಕಡೆಯವಳು, ಮೈಸೂರಲ್ಲೇ ಫಾರ್ಮಸಿ ಓದಿ ಈಗ ಮಂಡ್ಯದಲ್ಲಿ ನರ್ಸಿಂಗ್ ಮಕ್ಕಳಿಗೆ ಪಾಠ ಮಾಡ್ತೀನಿ, ಡಾಕ್ಟರ್ ಅಲ್ಲ. ನಮ್ಮನೇಲೂ ಇದೇ ಕಥೆ. "ಇಷ್ಟುಕ್ಕೇ ಹಿಂಗಾಡುದ್ರೆ ನಾಳಿಕ್ಕೆ ಹೆರಿಗೆ ನೋವು ಹೆಂಗವ್ವ ತಡ್ಕತೀಯ, ಸುಮ್ಕಿರು" ಅನ್ನೋರು ನಮ್ಮಜ್ಜಿ, ಅನ್ಕೊಂಡೇ ಒಂದು ಲೋಟ ಜೀರಿಗೆ ಕಷಾಯ ಕೈಗಿಡೋರು. ಕಷಾಯದ ಬಗ್ಗೆ ನನ್ನ ತಕರಾರಿಲ್ಲ.

ಓದುವಾಗ ನಮಗೆ ಒಂದು ಪ್ರಾಕ್ಟಿಕಲ್ ಇತ್ತು. ಇಲಿಯ ಗರ್ಭಕೋಶದ ಒಂದು ಚೂರು ತಗೊಂಡು, ಬೆಚ್ಚಗಿರೋ ಉಪ್ಪುನೀರಿನ ಗಾಜಿನ ಕೊಳವೇಲಿ ದಾರ ಕಟ್ಟಿ ನೇತುಹಾಕೋದು, ದಾರದ ಇನ್ನೊಂದು ತುದಿಗೆ ಒಂದು ಲಿವರ್, ಆ ಲಿವರ್ ತುದಿ ಮಸಿ ಹಿಡಿಸಿದ ಕಾಗದ ಸುತ್ತಿರೋ ಡ್ರಮ್ ಮೇಲೆ ಗೆರೆ ಎಳೀತಾ ಹೋಗುತ್ತೆ. (ಈಗಿನ ಮಕ್ಕಳು ಇದನ್ನೆಲ್ಲ ಕಂಪ್ಯೂಟರಲ್ಲೇ ಮಾಡ್ತಾರೆ, ಇಲಿಗಳ ಪುಣ್ಯ.) ಪ್ರೊಸ್ಟಾಗ್ಲಾಂಡಿನ್ ಅನ್ನೋ ಕೆಮಿಕಲನ್ನ ಒಂದು ಹನಿ ಬಿಟ್ರೆ ಸಾಕು, ಅಲ್ಲಿವರೆಗೂ ಸುಮ್ನೆ ತೇಲ್ತಿದ್ದ ಗೆರೆ ಗೋಡೆ ಹತ್ತಿದ ಹಾಗೆ ಮೇಲಕ್ಕೆ ಹೋಗೋದು. ಆ ಚೂರಿಗೆ ಅಜ್ಜಿ ಇಲ್ಲ, ನಾಚಿಕೆ ಇಲ್ಲ, ಕ್ಲಾಸ್ ತಪ್ಪಿಸೋ ಆಸೆ ಇಲ್ಲ, ಆದ್ರೂ ಹಿಂಡ್ಕೊಳ್ತಿತ್ತು. ಅವತ್ತು ನನಗೂ ಎರಡನೇ ದಿನ, ಹೊಟ್ಟೆ ಹಿಡ್ಕೊಂಡೇ ಆ ಗೆರೆ ನೋಡ್ತಾ ನಿಂತಿದ್ದೆ, ಇದು ನನ್ನ ನಾಟಕ ಅಲ್ಲ ಅಂತ ನನಗೇ ನಂಬಿಕೆ ಬಂದಿದ್ದು ಆಗ.

ನಿಮ್ಮ ಒಳಗೂ ನಡೆಯೋದು ಅದೇ. ಮುಟ್ಟಿಗೆ ಮುಂಚೆ ಪ್ರೊಜೆಸ್ಟೆರಾನ್ ಅನ್ನೋ ಹಾರ್ಮೋನ್ ಇಳಿಯುತ್ತೆ, ಒಳಪದರದ ಜೀವಕೋಶಗಳು ಒಡೆಯೋಕೆ ಶುರು, ಅವುಗಳ ಕೊಬ್ಬಿನ ಪೊರೆಯಿಂದ ಪ್ರೊಸ್ಟಾಗ್ಲಾಂಡಿನ್ ತಯಾರಾಗುತ್ತೆ. ಅದು ಗರ್ಭಕೋಶದ ಸ್ನಾಯುನ ಗಾಣಕ್ಕೆ ಕೊಟ್ಟ ಕಬ್ಬಿನ ಥರ ಹಿಂಡುತ್ತೆ, ರಕ್ತನಾಳ ಅಮುಕಿಹೋಗಿ ಸ್ನಾಯುಗೆ ಆಕ್ಸಿಜನ್ ಸಾಲಲ್ಲ, ಜೊತೆಗೆ ನೋವಿನ ನರದ ತುದಿಗಳನ್ನ ಹುರಿಗೊಳಿಸಿ ಸಣ್ಣದಕ್ಕೂ ಕೂಗೋ ಹಾಗೆ ಮಾಡುತ್ತೆ. ಕರುಳಿಗೂ ತಗುಲಿದ್ರೆ ಲೂಸ್ ಮೋಷನ್, ವಾಂತಿ. ಸೊಂಟ ತೊಡೆ ಯಾಕೆ ನೋಯುತ್ತೆ ಅಂದ್ರೆ ಗರ್ಭಕೋಶದ ನರಗಳು ಬೆನ್ನುಹುರಿಗೆ ಸೇರೋ ಮಟ್ಟಕ್ಕೇ ಸೊಂಟದ, ತೊಡೆಯ ಚರ್ಮದ ನರಗಳೂ ಬಂದು ಸೇರುತ್ವೆ, ಕರೆ ಯಾವ ಮನೆಯಿಂದ ಬಂತು ಅಂತ ಮಿದುಳಿಗೆ ಸರಿಯಾಗಿ ಗೊತ್ತಾಗಲ್ಲ.

ಇದರ ಇತಿಹಾಸ ಕೇಳಿದ್ರೆ ನಗು ಬರುತ್ತೆ. 1930ರಲ್ಲಿ ನ್ಯೂಯಾರ್ಕಲ್ಲಿ ಕರ್ಜ್ರಾಕ್ ಮತ್ತು ಲೀಬ್ ಅನ್ನೋ ಇಬ್ಬರು ಇದೇ ಥರ ಗರ್ಭಕೋಶದ ಚೂರಿನ ಮೇಲೆ ಗಂಡಸರ ವೀರ್ಯ ಹಾಕಿ ನೋಡಿದ್ರು, ಚೂರು ಒಮ್ಮೆ ಹಿಂಡ್ಕೊಳ್ತು, ಒಮ್ಮೆ ಸಡಿಲ ಆಯ್ತು. ಆಮೇಲೆ ಸ್ವೀಡನ್ನಿನ ಫಾನ್ ಆಯ್ಲರ್ ವೀರ್ಯದಲ್ಲಿರೋ ಆ ವಸ್ತು ಪ್ರಾಸ್ಟೇಟ್ ಗ್ರಂಥಿಯಿಂದ ಬರೋದು ಅಂದ್ಕೊಂಡು ಪ್ರೊಸ್ಟಾಗ್ಲಾಂಡಿನ್ ಅಂತ ಹೆಸರಿಟ್ರು, ನೋಡಿದ್ರೆ ವೀರ್ಯದಲ್ಲಿರೋದು ಬಹುಪಾಲು ಪಕ್ಕದ ಸೆಮಿನಲ್ ವೆಸಿಕಲ್‌ದು. ಅಂದ್ರೆ ಹೆಂಗಸರ ಹೊಟ್ಟೆನೋವಿನ ಕೆಮಿಕಲ್‌ಗೆ ಗಂಡಸರ ಗ್ರಂಥಿ ಹೆಸರು, ಅದೂ ತಪ್ಪು ಗ್ರಂಥಿದು. ಮುಟ್ಟಿನ ಸ್ರಾವದಲ್ಲೇ ಸ್ನಾಯು ಹಿಂಡೋ ವಸ್ತು ಇದೆ ಅಂತ ಪಿಕಲ್ಸ್ ಅನ್ನೋರು ತೋರಿಸಿದ್ದು 1957ರಲ್ಲಿ. 1971ರಲ್ಲಿ ಜಾನ್ ವೇನ್ ಆಸ್ಪಿರಿನ್ ಥರದ ಮಾತ್ರೆಗಳು ಈ ಪ್ರೊಸ್ಟಾಗ್ಲಾಂಡಿನ್ ತಯಾರಾಗೋದನ್ನೇ ನಿಲ್ಲಿಸ್ತವೆ ಅಂತ ಕಂಡುಹಿಡಿದ್ರು, 1982ರ ನೊಬೆಲ್‌ನಲ್ಲಿ ಅವರಿಗೂ ಪಾಲು ಬಂತು.

ತಯಾರಾಗೋದನ್ನ ನಿಲ್ಲಿಸುತ್ತೆ ಅನ್ನೋದನ್ನ ನೆನಪಿಟ್ಕೊಳ್ಳಿ, ಈಗಾಗ್ಲೇ ತಯಾರಾಗಿ ಕೂತಿರೋದನ್ನ ಅದು ಏನೂ ಮಾಡಲ್ಲ. ಇದಕ್ಕೇ ನೋವು ತಲೆಗೇರಿ ವಾಂತಿ ಆಗಿ ಎರಡು ಸಲ ಅತ್ತ ಮೇಲೆ ಮಾತ್ರೆ ನುಂಗಿ "ನಂಗೆ ಯಾವ ಮಾತ್ರೆನೂ ಕೆಲಸ ಮಾಡಲ್ಲ" ಅನ್ನೋದು. ನಮ್ಮ ಹಾಸ್ಟೆಲಲ್ಲಿ ಎಲ್ರೂ ಹಾಗೇ ಮಾಡ್ತಿದ್ವಿ, ತಡೆಯೋವಷ್ಟು ತಡೆದು ಆಮೇಲೆ ನುಂಗೋದು, ಅದೇನೋ ಮರ್ಯಾದೆ ಅಂತ. ಶುರುವಾಗೋ ಸೂಚನೆ ಸಿಕ್ಕ ತಕ್ಷಣ ತಗೊಂಡ್ರೆನೇ ಹೆಚ್ಚು ಪ್ರಯೋಜನ, ಹೊಟ್ಟೆಗೆ ಏನಾದ್ರೂ ಹಾಕ್ಕೊಂಡು.

ಮಕ್ಕಳಾಗೋ ವಿಷಯ. ಮುಟ್ಟಿನ ಎರಡು ಮೂರು ದಿನ ಇದೇ ಥರ ಕೆಲಸ ಮಾಡೋ ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್ ಥರದ ನೋವಿನ ಮಾತ್ರೆ ತಗೊಂಡ್ರೆ ಬಂಜೆತನ ಬರಲ್ಲ. ಆದ್ರೆ ಅಜ್ಜಿ ಮಾತಲ್ಲಿ ಒಂದೆಳೆ ನಿಜ ಇದೆ, ಅದನ್ನ ಮುಚ್ಚಿಡಲ್ಲ: ಅಂಡಾಶಯದಿಂದ ಅಂಡ ಹೊರಗೆ ಬರೋಕೂ ಪ್ರೊಸ್ಟಾಗ್ಲಾಂಡಿನ್ ಬೇಕು, ಅಂಡದ ಸುತ್ತ ಇರೋ ಕ್ಯುಮುಲಸ್ ಕೋಶಗಳು ಅರಳಿ ಅಂಟಂಟಾಗಿ ಅದನ್ನ ಸಾಗಹಾಕೋದು ಇದರಿಂದಲೇ. ಪ್ರೊಸ್ಟಾಗ್ಲಾಂಡಿನ್ ತಯಾರಿಸೋ ಕಾಕ್ಸ್-2 ಅನ್ನೋ ಕಿಣ್ವ ಇಲ್ಲದ ಹಾಗೆ ಮಾಡಿದ ಹೆಣ್ಣು ಇಲಿಗಳಲ್ಲಿ ಅಂಡ ಬಿಡುಗಡೆನೇ ಕೆಟ್ಟುಹೋಗಿದ್ದು 1997ರಲ್ಲಿ ಗೊತ್ತಾಯ್ತು. ಹಾಗಾಗಿ ಮಗು ಬೇಕು ಅಂತ ಪ್ರಯತ್ನ ಮಾಡೋರು ತಿಂಗಳ ಮಧ್ಯದಲ್ಲಿ ಈ ಮಾತ್ರೆಗಳನ್ನ ದಿನಾ ತಿಂದ್ರೆ ಆ ತಿಂಗಳು ಅಂಡ ಹೊರಗೆ ಬರದೇ ಇರಬಹುದು, ನಿಲ್ಲಿಸಿದ್ರೆ ಮತ್ತೆ ಸರಿಹೋಗುತ್ತೆ. ನಿಮಗೆ ಈಗ ಇದು ಅನ್ವಯಿಸೋದೇ ಇಲ್ಲ. ಹುಷಾರಾಗಿರಬೇಕಾದ್ದು ಬೇರೆ: ಅಲ್ಸರ್, ಕಿಡ್ನಿ ತೊಂದರೆ, ಆಸ್ತಮಾ ಇದ್ರೆ ಕೇಳದೆ ತಗೋಬಾರದು, ಗರ್ಭಿಣಿಯರಂತೂ ಬೇಡವೇ ಬೇಡ, ಮೆಫೆನಾಮಿಕ್ ತಗೊಂಡ ಮೇಲೆ ಜ್ವರ, ಮೈಮೇಲೆ ದದ್ದು ಬಂದ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು, 2023ರ ಕೊನೇಲಿ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಇದರ ಬಗ್ಗೆ ಎಚ್ಚರಿಕೆನೂ ಕೊಟ್ಟಿದೆ. ಎಷ್ಟು ಎಂಜಿ ಅಂತ ಇಲ್ಲಿ ಬರಿಯಲ್ಲ, ಒಂದ್ಸಲ ಡಾಕ್ಟರ್ ಹತ್ರ ಬರೆಸ್ಕೊಳ್ಳಿ.

ಇನ್ನು ಅಭ್ಯಾಸ ಆಗುತ್ತೆ ಅನ್ನೋದು, ಇದರ ಮೇಲೆ ನನಗೆ ನಿಜವಾಗ್ಲೂ ಸಿಟ್ಟು. ನೋವು ಅಭ್ಯಾಸ ಆಗೋದು ನಮಗಲ್ಲ, ನರಗಳಿಗೆ. ನಮ್ಮ ಕಡೆ ವಿಸಿ ನಾಲೆ ನೀರು ಬಿಟ್ಟಾಗ ನೋಡಿದ್ದೀರಲ್ಲ, ಒಂದ್ಸಲ ಬದು ಕೊರೆದ ಜಾಗದಲ್ಲೇ ಮುಂದಿನ ಸಲವೂ ನೀರು ನುಗ್ಗುತ್ತೆ, ಅದೂ ಕಮ್ಮಿ ನೀರಿಗೇ. ನೋವಿನ ಸಂದೇಶ ಮತ್ತೆ ಮತ್ತೆ ಹೋದ್ರೆ ಬೆನ್ನುಹುರಿಯ ಕೋಶಗಳೇ ಸೂಕ್ಷ್ಮ ಆಗ್ತವೆ, ಮುಟ್ಟಿದ್ರೂ ನೋವು ಅನ್ನೋ ಹಂತಕ್ಕೆ ಬರ್ತವೆ ಅಂತ ಕ್ಲಿಫರ್ಡ್ ವುಲ್ಫ್ 1983ರಲ್ಲಿ ತೋರಿಸಿದ್ರು, ಸೆಂಟ್ರಲ್ ಸೆನ್ಸಿಟೈಸೇಶನ್ ಅಂತಾರೆ. ಮುಟ್ಟಿನ ನೋವು ಜೋರಾಗಿರೋರಿಗೆ ತಿಂಗಳ ಬೇರೆ ದಿನಗಳಲ್ಲೂ ನೋವು ಬೇಗ ತಗುಲುತ್ತೆ ಅನ್ನೋದು ಅಧ್ಯಯನಗಳಲ್ಲಿ ಕಂಡುಬಂದಿದೆ.

ನನ್ನ ಚಿಕ್ಕಮ್ಮನ ಮಗಳು ಎಂಟು ವರ್ಷ ತಡ್ಕೊಂಡ್ಳು. ಒಬ್ಬ ಡಾಕ್ಟರಮ್ಮ "ಮದುವೆ ಆದ್ಮೇಲೆ ಎಲ್ಲ ಸರಿಹೋಗುತ್ತೆ" ಅಂದಿದ್ರು, ಮದುವೆ ಆಯ್ತು, ಸರಿಹೋಗ್ಲಿಲ್ಲ, ಮಗು ಆಗ್ಲಿಲ್ಲ ಅಂತ ತೋರಿಸೋಕೆ ಹೋದಾಗ ಲ್ಯಾಪರೋಸ್ಕೋಪಿ, ಅಂದ್ರೆ ಹೊಟ್ಟೇಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ನೋಡಿದ್ರೆ ಎಂಡೋಮೆಟ್ರಿಯೋಸಿಸ್, ಗರ್ಭಕೋಶದ ಒಳಪದರದಂಥದ್ದು ಹೊರಗೆಲ್ಲ ಬೆಳೆದು ಅಂಡಾಶಯ ಕರುಳು ಅಂಟ್ಕೊಂಡಿತ್ತು. ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ ಮುಟ್ಟಾಗೋ ವಯಸ್ಸಿನ ಹತ್ತು ಹೆಂಗಸರಲ್ಲಿ ಸುಮಾರು ಒಬ್ಬರಿಗೆ ಇದು ಇರುತ್ತೆ. ಮಕ್ಕಳಾಗೋಕೆ ಅಡ್ಡ ಬಂದಿದ್ದು ಇದು, ಅವಳು ಆಗೀಗ ನುಂಗಿದ ಮಾತ್ರೆಗಳಲ್ಲ, ಆದ್ರೆ ಊರಲ್ಲಿ ಇವತ್ತಿಗೂ ಮಾತ್ರೆ ಮೇಲೇ ಗೂಬೆ ಕೂರಿಸ್ತಾರೆ.

ನೀವು ಎರಡು ದಿನ ಏಳೋಕೇ ಆಗಲ್ಲ ಅಂತೀರಿ, ವರ್ಷದಿಂದ ವರ್ಷಕ್ಕೆ ಜಾಸ್ತಿ ಆಗ್ತಿದೆ ಅಂತಲೂ ಬರ್ದಿದ್ದೀರಿ, ಹಾಗಾಗಿ ಮಾತ್ರೆಗೇ ನಿಲ್ಲಿಸಬೇಡಿ, ಸ್ತ್ರೀರೋಗ ತಜ್ಞರನ್ನ ನೋಡಿ. ಹೋಗೋ ಮುಂಚೆ ಎರಡು ಮೂರು ತಿಂಗಳಿಂದ ಯಾವ ದಿನ ಎಷ್ಟು ನೋವು, ಮೋಷನ್ ಹೋಗುವಾಗ ನೋಯುತ್ತಾ, ಮುಟ್ಟಿಲ್ಲದ ದಿನಾನೂ ಇರುತ್ತಾ, ಎಷ್ಟು ಕ್ಲಾಸ್ ತಪ್ತು ಅಂತ ಒಂದು ಚೀಟೀಲಿ ಬರ್ಕೊಳ್ಳಿ, ಎದುರಿಗೆ ಕೂತಾಗ ಎಲ್ಲ ಮರೆತುಹೋಗಿ "ಸ್ವಲ್ಪ ಹೊಟ್ಟೆನೋವು ಮೇಡಂ" ಅಂದು ಬಂದುಬಿಡ್ತೀವಿ. ಸ್ಕ್ಯಾನಿಂಗಲ್ಲಿ ಏನೂ ಕಾಣದೇ ಹೋದ್ರೂ ಎಂಡೋಮೆಟ್ರಿಯೋಸಿಸ್ ಇರಬಹುದು, ಆ ಮಾತನ್ನ ನೀವೇ ಬಾಯಿಬಿಟ್ಟು ಕೇಳಿ. ಅಮ್ಮನ್ನೂ ಕರ್ಕೊಂಡು ಹೋಗಿ.